ಬೆಂಕಿಯ ಚಿತ್ರ ಮತ್ತು ಪಿಗ್ಮಿ ಚೀಟಿ: ಒಂದು ಆ್ಯಪ್ ವಿನ್ಯಾಸದ ಪ್ರಕರಣ ಅಧ್ಯಯನ

ನಾವು ವಿನ್ಯಾಸ ಮಾಡಿದ ಆ್ಯಪ್ ನೋಡಿ ಹೂವು ಮಾರುವ ಹೆಂಗಸೊಬ್ಬರು ಅಳುತ್ತಾ ಸಂಘದ ಕಚೇರಿಗೆ ಬಂದರು. ಆ ಬೆಳಿಗ್ಗೆಯ ತನಕ ಅದು ನಮ್ಮ ತಂಡದ ಅತಿ ಚೆಂದದ ಕೆಲಸ ಎಂದೇ ನಾನು ನಂಬಿದ್ದೆ. ಆ ಆ್ಯಪ್ ಹೇಗೆ ಹುಟ್ಟಿತು, ಎಲ್ಲಿ ಎಡವಿತು, ಆಮೇಲೆ ಅದರಲ್ಲಿ ಏನನ್ನು ಕಿತ್ತೆವು, ಏನನ್ನು ಉಳಿಸಿಕೊಂಡೆವು ಅನ್ನೋದನ್ನು ಬರೆಯುತ್ತಿದ್ದೇನೆ. ಸಂಘದ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ನಮ್ಮ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ಹಿನ್ನೆಲೆ

ಬೆಂಗಳೂರಿನ ಹಳೇ ಪೇಟೆ ಭಾಗದ ಒಂದು ಪತ್ತಿನ ಸಹಕಾರ ಸಂಘ ಅದು. ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ವ್ಯಾಪಾರಿಗಳು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವವರು, ಅವೆನ್ಯೂ ರಸ್ತೆಯ ಪುಸ್ತಕದಂಗಡಿಯವರು, ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವವರು, ಎಸ್.ಪಿ. ರಸ್ತೆಯ ರಿಪೇರಿ ಹುಡುಗರು. ಸಂಘ ನಡೆಯುವುದೇ ಪಿಗ್ಮಿಯಿಂದ.

ಪಿಗ್ಮಿ ಗೊತ್ತಿಲ್ಲದ ಅಂಗಡಿಯವರು ನಮ್ಮ ಕಡೆ ಸಿಗುವುದು ಕಷ್ಟ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಏಜೆಂಟ್ ದಿನಾ ಅಂಗಡಿಗೇ ಬಂದು ಐವತ್ತೋ ನೂರೋ ತೆಗೆದುಕೊಂಡು ಹೋಗುತ್ತಾರೆ. ಅದು ನಿಮ್ಮ ಖಾತೆಗೆ ಬೀಳುತ್ತದೆ. ಅವಧಿ ಮುಗಿದ ಮೇಲೆ ಒಟ್ಟಿಗೆ ಕೈಗೆ ಬರುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಆಗುತ್ತಿತ್ತು. ಕೆ.ಆರ್. ಮಾರ್ಕೆಟ್ ಆದದ್ದೂ 1928ರಲ್ಲೇ. ಎರಡಕ್ಕೂ ಸಂಬಂಧ ಏನೂ ಇಲ್ಲ, ಆದರೆ ಈ ಕೆಲಸ ಮಾಡುವಾಗ ನನಗೆ ಅದು ಪದೇ ಪದೇ ನೆನಪಾಗುತ್ತಿತ್ತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಅಂಗಡಿ ಸಾಲುಗಳಲ್ಲಿ ಹಾಗೇ ಉಳಿದಿದೆ.

ಈ ಸಂಘದ ಒಬ್ಬ ಏಜೆಂಟರನ್ನು ಮಾರ್ಕೆಟ್ಟಿನವರು ಪಿಗ್ಮಿ ಅಣ್ಣ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಇಪ್ಪತ್ತು ವರ್ಷದಿಂದ ಅದೇ ಲೈನು, ಅಂದರೆ ದಿನಾ ಸುತ್ತುವ ಅದೇ ಅಂಗಡಿಗಳು. ಕೈಯಲ್ಲಿ ಒಂದು ಸಣ್ಣ ಮಷಿನು. ಖಾತೆ ನಂಬರ್ ಒತ್ತಿ, ಮೊತ್ತ ಒತ್ತಿದರೆ ಬೆರಳುದ್ದದ ಚೀಟಿ ಹೊರಗೆ ಬರುತ್ತದೆ.

ಸಂಘದ ಕಾರ್ಯದರ್ಶಿಗಳಿಗೆ ಒಂದು ಚಿಂತೆ ಇತ್ತು. 2016ರಲ್ಲಿ ಯುಪಿಐ ಬಂದಮೇಲೆ ಮೊಳ ಹೂವಿಗೂ ಜನ ಸ್ಕ್ಯಾನ್ ಮಾಡತೊಡಗಿದರು. ಗಲ್ಲಾದಲ್ಲಿ ನೋಟು ಕಡಿಮೆಯಾಯಿತು. ಪಿಗ್ಮಿಗೆ ಕೊಡಲು ಚಿಲ್ಲರೆ ಇಲ್ಲ ಎನ್ನುವವರು ಜಾಸ್ತಿಯಾದರು. ಸದಸ್ಯರ ಮಕ್ಕಳಂತೂ ಸಂಘದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ್ಯಪ್ ಮಾಡಿಸುತ್ತೇವೆ ಎಂದು ಅವರು ವಾರ್ಷಿಕ ಸಭೆಯಲ್ಲಿ ಹೇಳಿಬಿಟ್ಟಿದ್ದರು. ನಮ್ಮನ್ನು ಕರೆದು ಕೇಳಿದ್ದು ಒಂದೇ ಮಾತು: “ಎಂಗೇಜಿಂಗ್ ಆಗಿರಬೇಕು ಮೇಡಂ. ಜನ ದಿನಾ ತೆಗೀಬೇಕು, ತೆಗೆದ ಮೇಲೆ ಅಲ್ಲೇ ಇರಬೇಕು.”

ನಾವು ನಾಲ್ಕು ಜನ. ಜಯನಗರದಲ್ಲಿ ಒಂದು ಮನೆಯ ಮೇಲ್ಮಹಡಿ ನಮ್ಮ ಆಫೀಸು. ನಾಲ್ವರಲ್ಲಿ ಯಾರಿಗೂ ಪಿಗ್ಮಿ ಖಾತೆ ಇರಲಿಲ್ಲ. ಈಗ ಯೋಚಿಸಿದರೆ ಮೊದಲ ದಿನವೇ ಹೋಗಿ ಒಂದು ಖಾತೆ ತೆಗೆಯಬೇಕಿತ್ತು. ನೂರು ರೂಪಾಯಿಯ ಮಾತು ಅದು.

ಮೊದಲ ಆವೃತ್ತಿ

ಅದು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀಲಿಯಿಂದ ನೇರಳೆಗೆ ಜಾರುವ ಹಿನ್ನೆಲೆ. ಮಧ್ಯದಲ್ಲಿ ಉಂಗುರದ ಆಕಾರದ ಗ್ರಾಫು. ದುಡ್ಡು ಕಟ್ಟಿದರೆ ನಾಣ್ಯಗಳು ಮೇಲಿಂದ ಸುರಿಯುತ್ತಿದ್ದವು. ಬಿಡದೆ ಎಷ್ಟು ದಿನ ಕಟ್ಟಿದ್ದೀರಿ ಎಂದು ತೋರಿಸುವ ಒಂದು ಬೆಂಕಿಯ ಚಿತ್ರ ಇತ್ತು. ದಿನ ಹೆಚ್ಚಾದಂತೆ ಜ್ವಾಲೆ ದೊಡ್ಡದಾಗುತ್ತಿತ್ತು. ಒಂದು ದಿನ ತಪ್ಪಿದರೆ ಆರಿ ಬೂದಿಯಾಗುತ್ತಿತ್ತು. ಆ ಬೂದಿ ಉದುರುವ ಅನಿಮೇಷನ್ನಿಗೇ ನಾವು ಎರಡು ದಿನ ಕೂತಿದ್ದೆವು.

ಬೆಂಕಿ ಇಟ್ಟದ್ದು ಸುಮ್ನೆ ಅಲ್ಲ. ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯ ಮನುಷ್ಯನನ್ನು ಜಾಸ್ತಿ ಓಡಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದರು. ವಿನ್ಯಾಸ ಕಲಿಯುವವರೆಲ್ಲ ಇದನ್ನು ಓದಿರುತ್ತಾರೆ. ಭಾಷೆ ಕಲಿಸುವ ಆ್ಯಪ್‌ಗಳಲ್ಲಿ, ಆಟಗಳಲ್ಲಿ ಇದೇ ಉಪಾಯ ನಡೆಯುತ್ತಿರುವುದನ್ನು ನೋಡಿದ್ದೆವು. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಅಂದುಕೊಂಡೆವು. ಆಟದಲ್ಲಿ ಕಳೆದುಕೊಳ್ಳುವುದು ಅಂಕ, ಇಲ್ಲಿ ದುಡ್ಡು ಎನ್ನುವ ವ್ಯತ್ಯಾಸ ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಎಲ್ಲ ಪರದೆಗಳನ್ನೂ ಇಂಗ್ಲಿಷಿನಲ್ಲೇ ಮಾಡಿದೆವು. ಕೊನೆಗೆ ಇನ್ನೂರು ಚಿಲ್ಲರೆ ವಾಕ್ಯಗಳನ್ನು ಎಕ್ಸೆಲ್ ಹಾಳೆಗೆ ಹಾಕಿ ಅನುವಾದಕರಿಗೆ ಕಳಿಸಿದೆವು. ಪರದೆಗಳನ್ನು ತೋರಿಸಲಿಲ್ಲ. ಅವರು ಪದ ನೋಡಿ ಪದ ಕೊಟ್ಟರು. ತಪ್ಪು ಅವರದ್ದಲ್ಲ.

ಸಂಘದ ಮೀಟಿಂಗ್ ರೂಮಿನಲ್ಲಿ, ಎ.ಸಿ. ಕೆಳಗೆ, ದೊಡ್ಡ ಟಿ.ವಿ.ಯಲ್ಲಿ ಡೆಮೊ ಕೊಟ್ಟೆವು. ನಾಣ್ಯ ಸುರಿದಾಗ ನಿರ್ದೇಶಕರೊಬ್ಬರು ಚಪ್ಪಾಳೆ ತಟ್ಟಿದರು. ಪಿಗ್ಮಿ ಅಣ್ಣನೂ ಅಲ್ಲಿದ್ದರು. ಬಾಗಿಲ ಹತ್ತಿರ ನಿಂತು ಏನೂ ಮಾತಾಡಲಿಲ್ಲ. ಅವರನ್ನು ನಾವು ಕೇಳಲೂ ಇಲ್ಲ.

ಸಮಸ್ಯೆ

ಮೊದಲು ಪಿಗ್ಮಿ ಅಣ್ಣನ ಲೈನಿನವರಿಗೆ ಮಾತ್ರ ಆ್ಯಪ್ ಕೊಟ್ಟೆವು. ಅವರು ಹೇಳಿದರೆಂದು ಜನ ಹಾಕಿಸಿಕೊಂಡರು. ಒಂದು ಸಲ ತೆರೆದರು. ಆಮೇಲೆ ಬಹಳ ಜನ ತೆರೆಯಲಿಲ್ಲ. ಇಷ್ಟು ಎಲ್ಲ ಆ್ಯಪ್‌ಗಳಿಗೂ ಆಗುವಂಥದ್ದೇ ಎಂದು ನಾವು ಸಮಾಧಾನ ಮಾಡಿಕೊಂಡೆವು. ದಿನಾ ಸಂಜೆ ಹೋಗುವ ನೋಟಿಫಿಕೇಶನ್ನುಗಳನ್ನು ಹೆಚ್ಚಿಸಿದೆವು.

ಹೂವಿನ ಸಾಲಿನ ಒಬ್ಬ ಅಕ್ಕನ ಊರಲ್ಲಿ ಸಾವಾಯಿತು. ಅವರು ಮೂರು ದಿನ ಅಂಗಡಿ ಹಾಕಲಿಲ್ಲ, ಪಿಗ್ಮಿಯೂ ಕಟ್ಟಲಿಲ್ಲ. ವಾಪಸ್ ಬಂದ ದಿನ ಫೋನು ಟಣ್ ಎಂದಿತು. ಮಗ ಓದಿ ಹೇಳಿದ. ಪರದೆಯ ಮೇಲೆ ಹೀಗಿತ್ತು: “ಅಯ್ಯೋ! ನಿಮ್ಮ ೪೫ ದಿನ ನಷ್ಟವಾಗಿದೆ. ಬಾಕಿ: ₹೪,೫೦೦.” ಪಕ್ಕದಲ್ಲಿ ಬೂದಿಯ ಚಿತ್ರ.

ನಾವು ಹೇಳಬೇಕೆಂದಿದ್ದು, ಬಿಡದೆ ಕಟ್ಟಿದ ಸಾಲು ತುಂಡಾಯಿತು, ಖಾತೆಯಲ್ಲಿ 4,500 ಇದೆ ಎಂದು. ಅನುವಾದದಲ್ಲಿ ‘ಲಾಸ್ಟ್’ (lost) ಎಂಬುದು ನಷ್ಟವಾಗಿತ್ತು. ‘ಬ್ಯಾಲೆನ್ಸ್’ ಎಂಬುದು ಬಾಕಿಯಾಗಿತ್ತು. ಅಂಗಡಿಯವರ ಬಾಯಲ್ಲಿ ಬಾಕಿ ಅಂದರೆ ಕೊಡಬೇಕಾದ ಸಾಲ, ಬೇರೆ ಅರ್ಥವೇ ಇಲ್ಲ. ದಿನಕ್ಕೆ ನೂರರಂತೆ 45 ದಿನಕ್ಕೆ 4,500 ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

“ನಲವತ್ತೈದು ದಿನ ಕಟ್ಟಿದ್ದು ಸುಟ್ಟು ಹೋಯ್ತಂತೆ. ಮೇಲೆ ನಾನೇ ನಾಲ್ಕೂವರೆ ಸಾವಿರ ಕೊಡಬೇಕಂತೆ!” ಎಂದು ಅವರು ಕಚೇರಿ ಬಾಗಿಲಲ್ಲಿ ಕೂತು ಅತ್ತರು. ಹತ್ತು ಗಂಟೆಯ ಹೊತ್ತಿಗೆ ಅದೇ ಸಾಲಿನ ಇನ್ನೂ ಎಂಟು ಹತ್ತು ಜನ ಬಂದರು. ಅವರಿಗೆ ಯಾವ ಮೆಸೇಜೂ ಬಂದಿರಲಿಲ್ಲ. ಸಂಘ ದುಡ್ಡು ನುಂಗಿತಂತೆ ಎಂಬ ಮಾತಷ್ಟೇ ಬಂದಿತ್ತು. ಪತ್ತಿನ ಸಂಘಕ್ಕೆ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಬಾಗಿಲ ಮುಂದೆ ಜನ ಸೇರಿದ್ದು ಕಂಡರೆ ದಾರಿಹೋಕರೂ ನಿಂತು ಕೇಳುತ್ತಾರೆ.

ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ ಎರಡೇ ಮಾತು ಹೇಳಿದರು. “ಮೊದಲು ಅದನ್ನ ಆಫ್ ಮಾಡಿ. ಆಮೇಲೆ ಇಲ್ಲಿ ಬನ್ನಿ.”

ನಾನು ಹೋಗುವಷ್ಟರಲ್ಲಿ ಗಲಾಟೆ ತಣ್ಣಗಾಗಿತ್ತು. ತಣ್ಣಗೆ ಮಾಡಿದ್ದು ಪಿಗ್ಮಿ ಅಣ್ಣ. ಅವರು ಯಾರಿಗೂ ಏನೂ ವಿವರಿಸಿರಲಿಲ್ಲ. ಒಬ್ಬೊಬ್ಬರ ಖಾತೆ ನಂಬರ್ ಒತ್ತಿ ಮಷಿನಿನಿಂದ ಚೀಟಿ ತೆಗೆದು ಕೈಗೆ ಕೊಟ್ಟರು. ಎಲ್ಲರೂ ಕೊನೆಯ ಸಾಲು ನೋಡಿದರು, ಮಡಚಿದರು, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಹತ್ತು ಬಣ್ಣ ಬಳಸಿ ನಾವು ಹೇಳಲಾಗದ್ದನ್ನು ಬೆರಳುದ್ದದ ಕಪ್ಪು ಬಿಳುಪು ಕಾಗದ ಹೇಳಿಬಿಟ್ಟಿತು.

ಮೊದಲ ದುರಸ್ತಿ, ಮತ್ತೊಂದು ತಪ್ಪು

ಪಾಠ ಕಲಿತೆವಾ? ಇಲ್ಲ. ಮೊದಲಿಗೆ ನಾವು ಪದ ಬದಲಿಸಿದೆವು. ಬಾಕಿ ಹೋಗಿ ‘ಒಟ್ಟು ಜಮಾ’ ಬಂತು, ಅದು ಸರಿಯೇ. ಆದರೆ ಜೊತೆಗೆ, ಬಳಸುವುದು ಹೇಗೆಂದು ಹೇಳಿಕೊಡುವ ಐದು ಪರದೆಗಳನ್ನು ಸೇರಿಸಿದೆವು. ಯಾರೂ ಓದಲಿಲ್ಲ. ಐದೂ ಪರದೆಗಳನ್ನು ಬೆರಳಲ್ಲಿ ಸರಸರ ತಳ್ಳಿಬಿಟ್ಟರು. ಬೆಂಕಿಯ ಬದಲು ಮಲ್ಲಿಗೆ ಹಾರ ತಂದೆವು. ದಿನಾ ಒಂದು ಹೂವು ಸೇರುತ್ತದೆ, ತಪ್ಪಿದರೆ ಹಾರ ಬಾಡುತ್ತದೆ. ನಮ್ಮೂರಿನ ಸೊಗಡು ಬಂತು ಎಂದು ನಮಗೇ ಖುಷಿ.

ಅದನ್ನು ಆ ಅಕ್ಕನಿಗೇ ಒಯ್ದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. “ಬಾಡಿದ ಹೂವು ನಾನು ದಿನಾ ನೋಡ್ತೀನಲ್ಲಮ್ಮ. ಫೋನಲ್ಲೂ ಯಾಕೆ?” ಎಂದರು.

ಈ ಪ್ರಕರಣದಲ್ಲಿ ನಿಜವಾದ ತಿರುವು ಕಚೇರಿಯ ಗಲಾಟೆ ಅಲ್ಲ, ಈ ಮಾತು ಎಂದು ನನಗನಿಸುತ್ತದೆ. ಗಲಾಟೆಯನ್ನು ನಾವು ಅನುವಾದದ ತಲೆಗೆ ಕಟ್ಟಿ ಪಾರಾಗಿದ್ದೆವು. ಇದನ್ನು ಯಾರ ತಲೆಗೂ ಕಟ್ಟಲಾಗಲಿಲ್ಲ. ಹೆದರಿಸುವ ಉಪಾಯವನ್ನೇ ಹೂವಿನಲ್ಲಿ ಸುತ್ತಿ ಕೊಟ್ಟಿದ್ದೆವು, ಅಷ್ಟೇ.

ಅದೇ ವಾರ ನಮ್ಮ ತಂಡದ ಹುಡುಗನೊಬ್ಬ ಇನ್ನೊಂದು ವಿಷಯ ತೆಗೆದ. ನೋಟಿಫಿಕೇಶನ್ ಬೇಡ ಎನ್ನುವವರು ಒತ್ತಬೇಕಾದ ಗುಂಡಿಯ ಮೇಲೆ ನಾವು “ಬೇಡ, ನನಗೆ ಉಳಿತಾಯ ಬೇಕಿಲ್ಲ” ಎಂದು ಬರೆದಿದ್ದೆವು. ಬೇಡ ಎನ್ನುವವರಿಗೆ ನಾಚಿಕೆಯಾಗುವಂತೆ ಬರೆಯುವ ಈ ಚಾಳಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸದ ಉಪಾಯಗಳಲ್ಲಿ, ಒಂದಾಗಿ ಹೆಸರಿಸಿದೆ. ಬಿಡದೆ ಪೀಡಿಸುವುದೂ ಆ ಪಟ್ಟಿಯಲ್ಲಿದೆ. ಬೇರೆಯವರ ಆ್ಯಪ್‌ನಲ್ಲಿ ಇವನ್ನು ತೋರಿಸಿ ನಗುತ್ತಿದ್ದವರು ನಾವು.

ಲೈನಿನಲ್ಲಿ ಮೂರು ದಿನ

ಕೆಲಸ ನಿಲ್ಲಿಸಿ, ಮೂರು ದಿನ ಪಿಗ್ಮಿ ಅಣ್ಣನ ಹಿಂದೆ ನಡೆದೆವು. ಬೆಳಿಗ್ಗೆ ಆರಕ್ಕೆ ಮಾರ್ಕೆಟ್ಟಿಗೆ ಹೋದರೆ ಹೂವಿನ ವ್ಯಾಪಾರ ಆಗಲೇ ಅರ್ಧ ಮುಗಿದಿರುತ್ತದೆ. ಟಾರ್ಪಾಲಿನ ಕೆಳಗೆ ಹಳದಿ ಬಲ್ಬು. ಕಾಲ ಕೆಳಗೆ ನೀರು. ಸೇವಂತಿಗೆ ಗುಡ್ಡೆಗೆ ಒಬ್ಬರು ನೀರು ಚಿಮುಕಿಸುತ್ತಲೇ ಇರುತ್ತಾರೆ. ಕೈ ಒಣಗಿರುವ ಹೊತ್ತೇ ಇಲ್ಲ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ. ಒತ್ತಿದ್ದೇ ಒಂದು, ತೆರೆಯುವುದೇ ಇನ್ನೊಂದು. ಫೋನು ಪ್ಲಾಸ್ಟಿಕ್ ಕವರಿನೊಳಗಿರುತ್ತದೆ. ಅದರ ಮೇಲಿಂದಲೇ ಒತ್ತುತ್ತಾರೆ. ನಮ್ಮ ನೇರಳೆ ಹಿನ್ನೆಲೆಯ ಮೇಲಿನ ತೆಳು ಬೂದು ಅಕ್ಷರ ಆ ಕವರಿನೊಳಗೆ ಕಾಣುತ್ತಲೇ ಇರಲಿಲ್ಲ.

ಬೆರಳಚ್ಚಿನಿಂದ ತೆರೆಯುವಂತೆ ಮಾಡಿದ್ದೆವು. ವರ್ಷಗಟ್ಟಲೆ ನಾರಿನಲ್ಲಿ ಹೂವು ಕಟ್ಟಿದ ಬೆರಳಿನ ಗೆರೆಗಳು ಸವೆದಿರುತ್ತವೆ. ಫೋನು ಒಪ್ಪುತ್ತಿರಲಿಲ್ಲ.

ಕನ್ನಡದ ಅಕ್ಷರಗಳಿಗೂ ನಾವು ಅನ್ಯಾಯ ಮಾಡಿದ್ದೆವು. ಗುಂಡಿಗಳ ಎತ್ತರ ಇಂಗ್ಲಿಷಿಗೆ ಅಳೆದದ್ದು. ‘ಒಟ್ಟು’ ಎಂಬಲ್ಲಿ ಒತ್ತಕ್ಷರದ ಕೆಳಭಾಗವೇ ಕತ್ತರಿಸಿ ಹೋಗಿತ್ತು. ಕಣ್ಣು ಮಂಜಾದವರು ಫೋನಿನ ಅಕ್ಷರವನ್ನು ಅತಿ ದೊಡ್ಡದಕ್ಕೆ ಇಟ್ಟುಕೊಂಡಿರುತ್ತಾರೆ. ಅವರ ಫೋನಿನಲ್ಲಿ ಉಂಗುರದ ಗ್ರಾಫು ಮೊತ್ತದ ಮೇಲೆ ಹತ್ತಿ ಕೂತಿತ್ತು.

ಕನ್ನಡ ಅಂಕಿಗಳ ವಿಷಯ ಹೇಳಲೇಬೇಕು. ನನಗೆ ಅವುಗಳ ಮೇಲೆ ಬಹಳ ಪ್ರೀತಿ. ಹಟ ಮಾಡಿ ಆ್ಯಪ್ ತುಂಬ ಅವನ್ನೇ ಹಾಕಿಸಿದ್ದೆ. ಮಾರ್ಕೆಟ್ಟಿನಲ್ಲಿ ೬ ಯಾವುದು, ೯ ಯಾವುದು ಎಂದು ಜನ ತಡವರಿಸಿದರು. ಅವರ ಕೈಗೆ ಬರುವ ನೋಟು, ತಕ್ಕಡಿ, ಚೀಟಿ ಎಲ್ಲದರಲ್ಲೂ 6 ಮತ್ತು 9. ಕನ್ನಡ ಓದಲು ಬರದ, ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವ ಸದಸ್ಯರೂ ಈ ಅಂಕಿಗಳನ್ನು ಓದಬಲ್ಲರು. ದುಡ್ಡಿನ ಮುಂದೆ ನನ್ನ ಪ್ರೀತಿಯನ್ನು ಬದಿಗಿಟ್ಟೆ. ಇವತ್ತಿಗೂ ಸ್ವಲ್ಪ ಬೇಜಾರಿದೆ.

ಜನ ನಿಜವಾಗಿ ಏನು ಕೇಳುತ್ತಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಮೂರು ದಿನದಲ್ಲಿ ಮೂರೇ ಪ್ರಶ್ನೆ ತಿರುತಿರುಗಿ ಬಂದವು: “ನಿನ್ನೇದು ಬಿತ್ತಾ?” “ಒಟ್ಟು ಎಷ್ಟಾಯ್ತು?” “ಕೈಗೆ ಯಾವಾಗ ಸಿಗುತ್ತೆ?” ನಮ್ಮ ಆ್ಯಪ್‌ನಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ನಾಲ್ಕು ಪರದೆ ಒಳಗೆ, ‘ಪರಿಪಕ್ವತಾ ದಿನಾಂಕ’ ಎಂಬ ಹೆಸರಿನಲ್ಲಿ ಅಡಗಿತ್ತು.

ಎರಡನೇ ದಿನ ಹೂವಿನ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಒಟ್ಟು ಎಷ್ಟಿದೆ ಅಂತ ಫೋನಿನ ಮೇಲೆ ಬರೋದು ಬೇಡ. ಮನೆಯವರು ನೋಡಿಬಿಡ್ತಾರೆ” ಎಂದರು. ಪಿಗ್ಮಿ ಅವರ ಗುಟ್ಟಿನ ದುಡ್ಡು, ಮಗಳ ಕಾಲೇಜಿಗೆ ಇಟ್ಟದ್ದು. ನಾವು ಅದರ ಮೊತ್ತವನ್ನು ಲಾಕ್ ಆದ ಪರದೆಯ ಮೇಲೇ ದಿನಾ ಸಂಜೆ ತೋರಿಸುತ್ತಿದ್ದೆವು. ಬಾಕಿ, ನಷ್ಟದ ಎಡವಟ್ಟು ಒಂದು ದಿನದಲ್ಲಿ ಸರಿಹೋಯಿತು. ಇದರಿಂದ ಯಾರ ಮನೆಯಲ್ಲಿ ಏನಾಯಿತೋ ನಮಗೆ ತಿಳಿಯುವುದೇ ಇಲ್ಲ. ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಮೂರನೇ ದಿನ ಟೀ ಅಂಗಡಿಯಲ್ಲಿ ಪಿಗ್ಮಿ ಅಣ್ಣ ಬಾಯಿ ಬಿಟ್ಟರು. ಆ್ಯಪ್‌ನಲ್ಲಿ ‘ಈಗಲೇ ಕಟ್ಟಿ’ ಎಂಬ ಗುಂಡಿ ಇತ್ತು. ಸದಸ್ಯರು ಅಲ್ಲಿಂದ ಯುಪಿಐ ಮಾಡಿದರೆ ಆ ದುಡ್ಡು ಏಜೆಂಟರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವರ ಸಂಪಾದನೆ ಇರುವುದೇ ಕಮಿಷನ್ನಿನಲ್ಲಿ. “ನನ್ನ ಹೊಟ್ಟೆ ಮೇಲೆ ಹೊಡೆಯೋ ಆ್ಯಪ್‌ನ ನಾನೇ ಹಾಕಿಸಿಕೊಳ್ಳಿ ಅಂತ ಹೇಗೆ ಹೇಳಲಿ ಮೇಡಂ? ಹಾಕಿಸಿದೆ, ಆಮೇಲೆ ಸುಮ್ಮನಾದೆ” ಎಂದರು. ಸದಸ್ಯರು ಒಂದೇ ಸಲ ತೆರೆದು ಬಿಟ್ಟದ್ದಕ್ಕೆ ಅರ್ಧ ಕಾರಣ ಅಲ್ಲಿ ಸಿಕ್ಕಿತು. ಆ್ಯಪ್ ಬಳಸುವವರ ಪಟ್ಟಿಯಲ್ಲಿ ನಾವು ಏಜೆಂಟರನ್ನು ಬರೆದೇ ಇರಲಿಲ್ಲ.

ಅದೇ ಟೀ ಹೊತ್ತಿನಲ್ಲಿ ಅವರು ಇನ್ನೊಂದು ಮಾತೂ ಹೇಳಿದರು. ಆಗ ಅದರ ಬೆಲೆ ನನಗೆ ತಿಳಿಯಲಿಲ್ಲ. “ಚೀಟಿ ಮಾಸಿಹೋಗುತ್ತೆ ಮೇಡಂ. ಅದಕ್ಕೇನಾದ್ರೂ ಮಾಡಿ.”

ಮೀಟಿಂಗು

ಸಂಘದ ಮುಂದೆ ಮೂರು ವಿಷಯ ಇಟ್ಟೆವು. ಆ್ಯಪ್‌ನಲ್ಲಿ ಜನ ಎಷ್ಟು ಹೊತ್ತು ಇರುತ್ತಾರೆ ಎಂದು ಅಳೆಯುವುದನ್ನು ಬಿಡೋಣ. ಯುಪಿಐ ದುಡ್ಡನ್ನೂ ಏಜೆಂಟರ ಲೈನಿಗೇ ಸೇರಿಸೋಣ. ನೋಟಿಫಿಕೇಶನ್ನಿನಲ್ಲಿ ಮೊತ್ತ ಬೇಡ.

ಮೂರನೆಯದಕ್ಕೆ ತಕ್ಷಣ ಒಪ್ಪಿದರು. ಎರಡನೆಯದಕ್ಕೆ ಎರಡು ವಾರ ಹಿಡಿಯಿತು. ಏಜೆಂಟ್ ನಡೆದು ಬಾರದ ದುಡ್ಡಿಗೆ ಕಮಿಷನ್ ಯಾಕೆ ಎಂಬ ಪ್ರಶ್ನೆ ಸಹಜವೇ. ಬಾಗಿಲ ಮುಂದೆ ಜನ ನಿಂತ ಆ ಬೆಳಿಗ್ಗೆಯನ್ನು ನೆನಪಿಸಿದೆವು. ಆ ದಿನ ಸಂಘವನ್ನು ಉಳಿಸಿದ್ದು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಒಪ್ಪಿದರು.

ಮೊದಲನೆಯದು ಬಹಳ ಕಷ್ಟವಾಯಿತು. ಕಾರ್ಯದರ್ಶಿಗಳಿಗೆ ವಾರ್ಷಿಕ ಸಭೆಯಲ್ಲಿ ತೋರಿಸಲು ಏರುವ ಒಂದು ಗೆರೆ ಬೇಕಿತ್ತು. “ಜನ ಬೇಗ ಮುಚ್ಚಿದರೆ ಒಳ್ಳೆ ಆ್ಯಪ್ ಅಂತೀರಲ್ಲ, ಇದನ್ನ ನಾನು ಹೇಗೆ ಹೇಳಲಿ?” ಎಂದರು. ಪಿಗ್ಮಿ ಅಣ್ಣ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಸಾರ್, ಇದನ್ನ ಯಾರೂ ಎರಡು ಸಲ ಓದಲ್ಲ. ಹಾಗಂತ ಒಂದು ದಿನ ಕೊಡದೆ ಇದ್ದು ನೋಡಿ” ಎಂದರು. ಕಾರ್ಯದರ್ಶಿಗಳು ನಕ್ಕರು. ದುಡ್ಡು ಬಿತ್ತಾ ಎಂದು ಕೇಳಲು ಕಚೇರಿಗೆ ಬರುವ ಫೋನುಗಳನ್ನು ಎಣಿಸೋಣ, ಅವು ಇಳಿದರೆ ಆ್ಯಪ್ ಗೆದ್ದಂತೆ ಎಂದು ತೀರ್ಮಾನವಾಯಿತು. ಏರುವ ಗೆರೆ ಕೇಳಿದವರಿಗೆ ಇಳಿಯುವ ಗೆರೆ ಸಿಕ್ಕಿತು.

ಎರಡನೇ ಆವೃತ್ತಿ

ಈ ಸಲ ಮೊದಲು ಕನ್ನಡದಲ್ಲಿ ಬರೆದೆವು, ಆಮೇಲೆ ಚಿತ್ರ. ಒಂದೇ ಪರದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸ ಕನಿಷ್ಠ 4.5:1 ಇರಬೇಕೆಂದು ಎಲ್ಲರಿಗೂ ಬಳಸಲು ಬರುವಂತೆ ವೆಬ್ ಪುಟ ಮಾಡುವುದಕ್ಕಿರುವ ಡಬ್ಲ್ಯೂಸಿಎಜಿ ಮಾನದಂಡ ಹೇಳುತ್ತದೆ. ಪ್ಲಾಸ್ಟಿಕ್ ಕವರನ್ನು ನೆನೆದು ನಾವು ಅದರ ಮೇಲಿನ ಮಟ್ಟ 7:1ಕ್ಕಿಂತ ಕೆಳಗೆ ಇಳಿಯಲಿಲ್ಲ.

ತೆರೆದ ಕೂಡಲೇ, ಏನನ್ನೂ ಒತ್ತದೆ, ಮೇಲೆ ಕಾಣುವುದು: “ನಿನ್ನೆಯ ₹100 ಬಿತ್ತು.” ‘ವಹಿವಾಟು ಯಶಸ್ವಿಯಾಗಿದೆ’ ಎಂಬುದನ್ನು ಕಿತ್ತೆವು. ಬಿತ್ತು ಎಂಬ ಪದ ಸಾಲದು ಎಂದು ಒಬ್ಬ ನಿರ್ದೇಶಕರು ಮೂಗು ಮುರಿದರು. ಸದಸ್ಯರು ಹಾಗೇ ಹೇಳುತ್ತಾರೆ, ಹಾಗೇ ಇರಲಿ ಎಂದೆವು. ಅದರ ಕೆಳಗೆ ಏಳು ದಿನದ ಏಳು ಮನೆ. ಕಟ್ಟಿದ ದಿನಕ್ಕೆ ರೈಟ್ ಗುರುತು, ಕಟ್ಟದ ದಿನ ಸುಮ್ಮನೆ ಖಾಲಿ. ಕೆಂಪು ಇಲ್ಲ, ಅಯ್ಯೋ ಇಲ್ಲ. ಅದರ ಕೆಳಗೆ ‘ಕೈಗೆ ಸಿಗುವ ದಿನ’. ಒಟ್ಟು ಮೊತ್ತ ಮಾತ್ರ ಮುಚ್ಚಿರುತ್ತದೆ. ಕೆಳಗಿನ ಗುಂಡಿ ಒತ್ತಿ ನಾಲ್ಕಂಕಿಯ ಪಿನ್ ಹಾಕಿದರೆ ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಆ ಗುಂಡಿಯನ್ನು ಪರದೆಯ ಅಗಲಕ್ಕೂ ಹರಡಿದೆವು. ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಘಟಕ) ಇರಲಿ ಎಂದು ಗೂಗಲ್ಲಿನ ವಿನ್ಯಾಸ ಸೂತ್ರಗಳಾದ ಮೆಟೀರಿಯಲ್ ಡಿಸೈನ್ ಹೇಳುತ್ತದೆ. ಒದ್ದೆ ಬೆರಳಿಗೆ ಅದು ಏನೇನೂ ಸಾಲದು.

ಧ್ವನಿಯನ್ನೂ ಪ್ರಯತ್ನಿಸಿದೆವು. ಅಂಗಡಿಗಳಲ್ಲಿ ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬಿ ಇರುತ್ತಲ್ಲ, ಹಾಗೆ. ಓದಲು ಬಾರದವರಿಗೆ ಸಹಾಯವಾಗುತ್ತದೆ ಎಂಬ ಆಸೆ. ಮೊದಲ ದಿನವೇ ಪಕ್ಕದಂಗಡಿಯವರು “ಓಹೋ, ದಿನಾ ಇನ್ನೂರು ಕಟ್ತೀರಾ?” ಎಂದು ಕೇಳಿಬಿಟ್ಟರು. ಬಂದ ದುಡ್ಡನ್ನು ಎಲ್ಲರೆದುರು ಕೂಗಿಸುವವರು ಉಳಿಸಿದ ದುಡ್ಡನ್ನು ಪಿಸುಮಾತಿನಲ್ಲೂ ಹೇಳುವುದಿಲ್ಲ. ಅದೇ ಸಂಜೆ ತೆಗೆದುಹಾಕಿದೆವು.

ಪರೀಕ್ಷೆಯನ್ನು ಮಾರ್ಕೆಟ್ಟಿನಲ್ಲೇ ಮಾಡಿದೆವು, ಹನ್ನೊಂದು ಗಂಟೆಗೆ, ವ್ಯಾಪಾರ ಇಳಿದ ಮೇಲೆ. ಒಂದು ಸುತ್ತಿಗೆ ಐದೇ ಜನ. ಐದು ಜನರಲ್ಲಿ ಪರೀಕ್ಷಿಸಿದರೆ ದೊಡ್ಡ ತೊಂದರೆಗಳಲ್ಲಿ ಹೆಚ್ಚಿನವು ಕಾಣುತ್ತವೆ ಎಂದು ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ನಮ್ಮಂಥ ಬಡ ತಂಡಗಳಿಗೆ ದೊಡ್ಡ ಧೈರ್ಯ. “ಹೇಗಿದೆ?” ಎಂದು ಮಾತ್ರ ಕೇಳಬಾರದು. “ಚೆನ್ನಾಗಿದೆ ಮೇಡಂ” ಎಂದೇ ಎಲ್ಲರೂ ಹೇಳುತ್ತಾರೆ, ನಿಮ್ಮ ಮನಸ್ಸು ನೋಯಿಸಬಾರದಲ್ವಾ. ಫೋನ್ ಕೈಗೆ ಕೊಟ್ಟು “ಮೊನ್ನೆ ಕಟ್ಟಿದ್ರಾ, ನೋಡಿ ಹೇಳಿ” ಎಂದು ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ನಮ್ಮ ಹುಡುಗ ಪ್ರತಿ ಸಲ ಬೆರಳು ತೋರಿಸಲು ಹೋಗುತ್ತಿದ್ದ. ಕೊನೆಗೆ ಅವನ ಕೈಗೆ ಎರಡು ಟೀ ಲೋಟ ಹಿಡಿಸಿ ನಿಲ್ಲಿಸಿದೆ.

ಏನಾಯಿತು

ಎರಡನೇ ಆವೃತ್ತಿಯನ್ನು ಯಾರೂ ಹೊಗಳಲಿಲ್ಲ. ಡೆಮೊ ದಿನ ಚಪ್ಪಾಳೆ ಇಲ್ಲ. “ಇಷ್ಟೇನಾ?” ಎಂದರು ಒಬ್ಬರು. ಎಸ್.ಪಿ. ರಸ್ತೆಯ ಹುಡುಗರು ಪಾಸ್‌ಬುಕ್ ತರಹ ಇದೆ, ಬೋರು ಎಂದರು. ಆ ದೂರಿಗೆ ನಮ್ಮಲ್ಲಿ ಒಳ್ಳೆಯ ಉತ್ತರವೂ ಇಲ್ಲ. ಅವರಿಗೆ ಅದು ಬೋರೇ.

ಆದರೆ ಕಚೇರಿಗೆ ಬರುವ ಫೋನು ಇಳಿಯಿತು. ಏಜೆಂಟರು ತಾವಾಗಿಯೇ ಹೊಸ ಸದಸ್ಯರಿಗೆ ಆ್ಯಪ್ ಹಾಕಿಕೊಡತೊಡಗಿದರು. ವಿನ್ಯಾಸಕ್ಕಿಂತ ಕಮಿಷನ್ನಿನ ತೀರ್ಮಾನವೇ ಇದಕ್ಕೆ ಹೆಚ್ಚು ಕಾರಣ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಪರದೆ ಎಷ್ಟೇ ಚೆನ್ನಾಗಿರಲಿ, ಅದನ್ನು ಜನರ ಕೈಗೆ ದಾಟಿಸುವವನಿಗೆ ನಷ್ಟವಾಗುವಂತಿದ್ದರೆ ಅದು ದಾಟುವುದಿಲ್ಲ.

ಜನ ತಾವಾಗಿಯೇ ಆ್ಯಪ್ ತೆರೆಯತೊಡಗಿದ್ದು ಮಾತ್ರ ನಾವು ಎಣಿಸದ ಕಾರಣಕ್ಕೆ. ಪಿಗ್ಮಿ ಅಣ್ಣ ಟೀ ಅಂಗಡಿಯಲ್ಲಿ ಹೇಳಿದ ಮಾತು ನೆನಪಿದೆಯಲ್ಲ. ಮಷಿನಿನ ಚೀಟಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಬಿಸಿಲು, ಬೆವರು ತಾಗಿದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಕಾಗದ ಉಳಿಯುತ್ತದೆ. ಒಂದು ದಿನ ಹೂವಿನ ಅಕ್ಕ ಬಿಸ್ಕತ್ ಡಬ್ಬಿ ತೆಗೆದು ತೋರಿಸಿದರು. ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು. ಮುಕ್ಕಾಲು ಖಾಲಿ. ಆದರೂ ಎಸೆದಿರಲಿಲ್ಲ. ಆಮೇಲೆ ನಾವು ಸೇರಿಸಿದ್ದು ‘ಹಳೇ ಚೀಟಿ’ ಎಂಬ ಒಂದೇ ಗುಂಡಿ. ಒತ್ತಿದರೆ ಮಷಿನಿನ ಚೀಟಿಯ ಹಾಗೇ ಕಾಣುವ ಚೀಟಿಗಳು, ತಿಂಗಳುವಾರು. ಅದಕ್ಕೆ ಅನಿಮೇಷನ್ ಇಲ್ಲ, ಬಣ್ಣವೂ ಇಲ್ಲ. ಇಡೀ ಆ್ಯಪ್‌ನಲ್ಲಿ ಜನ ಸ್ವಲ್ಪ ಹೊತ್ತು ನಿಲ್ಲುವ ಜಾಗ ಅದೊಂದೇ. ಹಿಂದಿನ ವರ್ಷದ ವರಮಹಾಲಕ್ಷ್ಮಿ ಹಬ್ಬದ ವಾರ ಎಷ್ಟು ಕಟ್ಟಿದ್ದೆ ಎಂದು ಹಿಂದೆ ಹಿಂದೆ ಹೋಗಿ ನೋಡುತ್ತಾರೆ.

ಮೊದಲ ವಾರವೇ ಮಾರ್ಕೆಟ್ಟಿಗೆ ಹೋಗಿದ್ದರೆ ಇದು ಆಗಲೇ ಸಿಗುತ್ತಿತ್ತಾ? ಗ್ಯಾರಂಟಿ ಹೇಳಲಾರೆ. ಆ ಡಬ್ಬಿಯನ್ನು ಅವರು ತೋರಿಸಿದ್ದು ನಾವು ಹತ್ತಾರು ಸಲ ಹೋಗಿ, ಎರಡು ಸಲ ತಪ್ಪು ಮಾಡಿ, ಅವರಿಂದ ಬೈಸಿಕೊಂಡ ಮೇಲೆ.

ಕೆಲವು ಇನ್ನೂ ಹಾಗೇ ಇವೆ. ಪಿನ್ ಮರೆಯುವವರು ಜಾಸ್ತಿ, ಅವರನ್ನು ಕಚೇರಿಗೇ ಕರೆಸಬೇಕು. ತಮಿಳು, ಉರ್ದು ಓದುವವರಿಗೆ ಏನು ಮಾಡುವುದೆಂಬ ಚರ್ಚೆ ಮುಗಿದಿಲ್ಲ. ಚಪ್ಪಾಳೆ ತಟ್ಟಿದ್ದ ನಿರ್ದೇಶಕರು ಸಿಕ್ಕಾಗಲೆಲ್ಲ ಆ ನಾಣ್ಯಗಳನ್ನಾದರೂ ವಾಪಸ್ ತನ್ನಿ ಎನ್ನುತ್ತಾರೆ. ಹೂವಿನ ಅಕ್ಕ ಆ್ಯಪ್ ಬಳಸುತ್ತಾರೆ, ಆದರೆ ಚೀಟಿ ಬಿಟ್ಟಿಲ್ಲ. ಪಿಗ್ಮಿ ಅಣ್ಣ ಬಂದಾಗ ಫೋನನ್ನು ಅವರ ಮುಂದೆ ಹಿಡಿದು, “ಎರಡೂ ಒಂದೇನಾ ನೋಡಣ್ಣ” ಎನ್ನುತ್ತಾರೆ.